ಆರ್ಗ್ಯಾನಿಕ್ ಸೋಲಾರ್ ಹಾಳೆಗೆ ಕಾಯಬೇಕಾ? ಒಂದು ಸ್ಪಷ್ಟನೆ

ನಮ್ಮ ಜಯನಗರದ ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಆರ್ಗ್ಯಾನಿಕ್ ಸೋಲಾರ್ ಹಾಳೆ ಬರ್ತಿದೆ, ಸಿಲಿಕಾನ್‌ಗಿಂತ ಎರಡರಷ್ಟು ಕರೆಂಟ್ ಕೊಡುತ್ತೆ, ಈಗ ತಾರಸಿ ಮೇಲೆ ಪ್ಯಾನೆಲ್ ಹಾಕಿಸಬೇಡಿ." ದಯವಿಟ್ಟು ನಂಬಬೇಡಿ.

ಹಾಳೆ ಇರುವುದು ನಿಜ, ಸೊಗಸಾದ ಕೆಲಸವೂ ಹೌದು. ಇಂಗಾಲದ ಅಣುಗಳನ್ನು (ಅದಕ್ಕೇ ಆರ್ಗ್ಯಾನಿಕ್ ಎಂಬ ಹೆಸರು) ದ್ರಾವಣ ಮಾಡಿ, ಪೇಪರ್ ಮೇಲೆ ಶಾಯಿ ಅಚ್ಚು ಹಾಕಿದ ಹಾಗೆ ತೆಳು ಪ್ಲಾಸ್ಟಿಕ್ ಮೇಲೆ ಬಳಿಯುತ್ತಾರೆ. ಬೆಳಕು ಹೀರುವ ಪದರದ ದಪ್ಪ ಸುಮಾರು 100 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗ, ಅಷ್ಟೇ. ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಇದರ ಸಂಶೋಧನೆ ನಡೆದಿದೆ. 2019ರಲ್ಲಿ ಬೆಳಕು ಹೀರುವ ವೈ6 ಎಂಬ ಅಣು ಬಂದ ಮೇಲೆ ದಕ್ಷತೆ (ಬಿದ್ದ ಬೆಳಕಿನಲ್ಲಿ ಕರೆಂಟ್ ಆಗುವ ಪಾಲು) ಸರಸರ ಏರಿ, ಲ್ಯಾಬಿನಲ್ಲಿ ಈಗ ಶೇ 20ರ ಆಸುಪಾಸಿನಲ್ಲಿದೆ.

ಆದರೆ ಆ ಅಂಕಿ ಸಾಮಾನ್ಯವಾಗಿ ಒಂದು ಚದರ ಸೆಂಟಿಮೀಟರ್ ಕೂಡ ಇಲ್ಲದ ಪುಟ್ಟ ಸೋಲಾರ್ ಸೆಲ್‌ನದ್ದು. ದೊಡ್ಡದು ಮಾಡಿದರೆ ಇಳಿಯುತ್ತದೆ. ಅಂಗಡಿಯಲ್ಲಿ ಸಿಗುವ ಮಾಮೂಲಿ ಸಿಲಿಕಾನ್ ಪ್ಯಾನೆಲ್ ಈಗಾಗಲೇ ಶೇ 20 ದಾಟಿದೆ, ಮತ್ತೆ ಎರಡರಷ್ಟು ಎಲ್ಲಿಂದ ಬಂತು?

ಬಾಳಿಕೆಯದ್ದೇ ಜಾಸ್ತಿ ತೊಂದರೆ. ಗಾಳಿ, ತೇವ, ಅತಿನೇರಳೆ ಕಿರಣ ಸೇರಿ ಈ ಅಣುಗಳನ್ನು ಕೆಡಿಸುತ್ತವೆ. ಸಿಲಿಕಾನ್‌ಗೆ 25 ವರ್ಷದ ವಾರಂಟಿ ಸಿಗುತ್ತದೆ, ಅಲ್ವಾ? ಭಾರ ತಡೆಯದ ಶೀಟ್ ಛಾವಣಿ, ಬಾಗಿದ ಗೋಡೆ, ಗಾಜಿನ ಕಿಟಕಿ, ಇಂಥ ಕಡೆ ಆರ್ಗ್ಯಾನಿಕ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಗಟ್ಟಿ ಆರ್‌ಸಿಸಿ ತಾರಸಿ ಇರುವವರು ಸುಮ್ನೆ ಕಾಯಬೇಡಿ.