ಗೇಟು ತೆಗೆಯೋಕೆ ಮಾತ್ರ ಕರೀಬೇಡಿ

ಪಶುವೈದ್ಯಕೀಯ ಓದುವ ಮಕ್ಕಳು ತರಬೇತಿಗೆ ಅಂತ ದನಕರು ನೋಡುವ ಡಾಕ್ಟರ ಹತ್ತಿರ ಬರುತ್ತಾರೆ. ಕೆಲವರು ಒಂದೆರಡು ವಾರ ಇರುತ್ತಾರೆ, ಕೆಲವರು ಇನ್ನೂ ಜಾಸ್ತಿ. ಮುಗಿಸಿ ಹೋಗುವಾಗ "ಏನೇನು ಮಾಡಿದ್ರಿ?" ಅಂತ ಕೇಳಿದರೆ ಹಲವರ ಉತ್ತರ ಒಂದೇ: "ನೋಡ್ತಾ ಇದ್ವಿ." ಗೇಟು ತೆಗೆದಿದ್ದಾರೆ, ಬಿಸಿನೀರು ತಂದುಕೊಟ್ಟಿದ್ದಾರೆ, ಬಕೆಟ್ ತೊಳೆದಿದ್ದಾರೆ. ಒಂದು ಹಸುವನ್ನು ಮೂತಿಯಿಂದ ಬಾಲದವರೆಗೆ ತಾವೇ ಮುಟ್ಟಿ ಪರೀಕ್ಷೆ ಮಾಡಿಲ್ಲ.

ಈ ಕೆಲಸದಲ್ಲೇ ಇರುವ ನನಗೆ ಇದನ್ನು ಕೇಳಿದರೆ ಹೊಟ್ಟೆ ಉರಿಯುತ್ತದೆ. ಬಕೆಟ್ ತೊಳೆಯುವುದು ಕೀಳು ಕೆಲಸ ಅಂತ ಅಲ್ಲ. ನಾವೂ ತೊಳೆಯುತ್ತೇವೆ. ಒಂದು ಕೊಟ್ಟಿಗೆಯ ರೋಗ ಇನ್ನೊಂದಕ್ಕೆ ಹೋಗಬಾರದು ಅಂದ್ರೆ ಬೂಟು, ಬಕೆಟ್, ಹಗ್ಗ ಎಲ್ಲವೂ ಶುದ್ಧವಾಗಿರಲೇಬೇಕು. ಆದರೆ ಅಷ್ಟೇ ಮಾಡಿಸಿ ಕಳಿಸಿದರೆ ಅದು ತರಬೇತಿ ಅಲ್ಲ, ಬಿಟ್ಟಿ ಚಾಕರಿ. ತರಬೇತಿ ಕೊಡುವ ಡಾಕ್ಟರುಗಳಿಗೆ ನಾನು ಹೇಳುವುದು ಇಷ್ಟೇ: ಅವರ ಕೈಗೆ ಕೆಲಸ ಕೊಡಿ, ನಿಮ್ಮ ತಲೆಯಲ್ಲಿ ಓಡುತ್ತಿರುವುದನ್ನು ಬಾಯಿಬಿಟ್ಟು ಹೇಳಿ.

ಹಾಲು ಜ್ವರದ ಕೇಸನ್ನೇ ತಗೊಳ್ಳಿ. ಕರು ಹಾಕಿ ಇನ್ನೂ ಒಂದು ದಿನ ಆಗಿರುವುದಿಲ್ಲ. ಹಸು ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಮಲಗಿದೆ, ಏಳುತ್ತಿಲ್ಲ. ಕಿವಿ ತಣ್ಣಗಿದೆ, ಮೂತಿ ಒಣಗಿದೆ. ಹೆಸರಲ್ಲಿ ಜ್ವರ ಇದ್ದರೂ ಥರ್ಮಾಮೀಟರ್ ಇಟ್ಟರೆ ಸಾಮಾನ್ಯ 38.5 ಡಿಗ್ರಿ ಸೆಲ್ಸಿಯಸ್‌ಗಿಂತ ಕಮ್ಮಿಯೇ ಬರುವುದು ಹೆಚ್ಚು. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಿದೆ. ಇಲ್ಲಿ ವಿದ್ಯಾರ್ಥಿಗೆ ಕೊಡಲು ಎಷ್ಟು ಒಳ್ಳೆಯ ಕೆಲಸ ಇದೆ ನೋಡಿ. ಕತ್ತಿನ ರಕ್ತನಾಳಕ್ಕೆ ಸೂಜಿ ನೀವು ಹಾಕಿ, ಬಾಟಲಿ ಅವರ ಕೈಗೆ ಕೊಡಿ. ಇನ್ನೊಂದು ಕೈಯಲ್ಲಿ ಸ್ಟೆತಾಸ್ಕೋಪ್ ಹಸುವಿನ ಎದೆ ಮೇಲಿರಲಿ. ಬಾಟಲಿ ಎತ್ತರಕ್ಕೆ ಹಿಡಿದಷ್ಟೂ ಔಷಧ ಜೋರಾಗಿ ಇಳಿಯುತ್ತದೆ. ಕ್ಯಾಲ್ಸಿಯಂ ಜೋರಾಗಿ ಹೋದರೆ ಹೃದಯವೇ ನಿಲ್ಲಬಹುದು. ಹಾಗಾಗಿ ಬಡಿತದ ತಾಳ ತಪ್ಪಿತು ಅನಿಸಿದ ಕೂಡಲೇ ಬಾಟಲಿ ಕೆಳಗಿಳಿಸಬೇಕು. ಇದನ್ನು ಪುಸ್ತಕದಲ್ಲಿ ಓದಿದವರಿಗೂ, ಕಿವಿಯಿಂದ ಕೇಳುತ್ತಾ ಕೈಯಿಂದ ಬಾಟಲಿ ಏರಿಸಿ ಇಳಿಸಿದವರಿಗೂ ಅಜಗಜಾಂತರ ಇದೆ. ಸ್ವಲ್ಪ ಹೊತ್ತಿಗೆ ಹಸುವಿನ ಮೈ ನಡುಗುತ್ತದೆ, ತೇಗುತ್ತದೆ, ಸಗಣಿ ಹಾಕುತ್ತದೆ. ಎಷ್ಟೋ ಸಲ ಅಲ್ಲೇ ಎದ್ದು ನಿಲ್ಲುತ್ತದೆ. ಆಗ ಆ ಮಕ್ಕಳ ಮುಖ ನೋಡಬೇಕು!

ಗಬ್ಬ ಪರೀಕ್ಷೆ ಕಲಿಸುವುದು ಇದಕ್ಕಿಂತ ಕಷ್ಟ. ಗುದದ್ವಾರದಲ್ಲಿ ಮೊದಲ ಸಲ ಕೈ ಹಾಕಿದವರಿಗೆ ಒಳಗೆ ಎಲ್ಲವೂ ಒಂದೇ ಥರ ಅನಿಸುತ್ತದೆ. ಸಗಣಿ ಯಾವುದು, ಮೂತ್ರಕೋಶ ಯಾವುದು, ಗರ್ಭಕೋಶ ಯಾವುದು ಒಂದೂ ಗೊತ್ತಾಗುವುದಿಲ್ಲ. "ಸಿಕ್ತಾ?" ಅಂತ ಕೇಳಿದರೆ ನಾಚಿಕೆಗೆ "ಸಿಕ್ತು" ಅಂದುಬಿಡುತ್ತಾರೆ. ಅದಕ್ಕೆ ಮೊದಲು ನೀವು ನೋಡಿ. ಗರ್ಭಕೋಶದ ಎರಡು ಕೊಂಬಿನಲ್ಲಿ ಯಾವ ಕಡೆಯದು ದಪ್ಪ ಇದೆ, ಎಲ್ಲಿ ನೀರು ತುಂಬಿದ ಹಾಗಿದೆ ಅಂತ ಹೇಳಿ, ಆಮೇಲೆ ಅವರನ್ನು ಬಿಡಿ. ಶುರುವಿನಲ್ಲಿ ಮೂರು ತಿಂಗಳು ದಾಟಿದೆ ಅಂತ ಗೊತ್ತಿರುವ ಹಸು ಕೊಡಿ. 35 ದಿನದ ಗಬ್ಬ ಹುಡುಕುವುದು ಪಳಗಿದ ಕೈಯ ಕೆಲಸ. ಹಸುವಿನ ಮೇಲೂ ಕರುಣೆ ಇರಲಿ. ಒಂದೇ ಹಸುವಿಗೆ ಸಾಲಾಗಿ ಎಲ್ಲರೂ ಕೈ ಹಾಕುವುದು ಬೇಡ. ಗ್ಲೌಸ್ ಮೇಲೆ ರಕ್ತ ಕಂಡರೆ ಅಲ್ಲಿಗೇ ನಿಲ್ಲಿಸಬೇಕು, ಪಾಠ ಅರ್ಧಕ್ಕೆ ನಿಂತರೂ ಸರಿ.

ಇದೆಲ್ಲಾ ನಡೆಯುವುದು ರೈತರ ಕೊಟ್ಟಿಗೆಯಲ್ಲಿ, ಅವರ ಹಸುವಿನ ಮೇಲೆ. ಮೊದಲು ಅವರನ್ನು ಕೇಳಬೇಕು ಅಲ್ವಾ? "ಇವರು ಕಲೀತಿದ್ದಾರೆ, ನಾನು ಪಕ್ಕದಲ್ಲೇ ಇರ್ತೀನಿ, ನೋಡಬಹುದಾ?" ಅಂತ ಒಂದು ಮಾತು ಸಾಕು. ಬೇಡ ಅಂದರೆ ಬೇಡ, ಮುಖ ಗಂಟು ಹಾಕಿಕೊಳ್ಳುವ ಹಾಗಿಲ್ಲ.

ಹೆಣ್ಣುಮಕ್ಕಳ ವಿಷಯ ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಕರು ಸಿಕ್ಕಿಹಾಕಿಕೊಂಡಿದೆ ಅಂದ ತಕ್ಷಣ "ನೀನು ಆ ಕಡೆ ನಿಂತ್ಕೋಮ್ಮಾ, ಇದಕ್ಕೆ ಬಲ ಬೇಕು" ಅನ್ನುವವರು ಇನ್ನೂ ಇದ್ದಾರೆ. ಇದು ಶುದ್ಧ ತಪ್ಪು ಮಾತು. ಮಡಚಿಕೊಂಡ ಮುಂಗಾಲನ್ನು ಬಲದಿಂದ ಎಳೆದರೆ ಗರ್ಭಕೋಶ ಹರಿಯಬಹುದು. ಕರುವನ್ನು ಹಿಂದಕ್ಕೆ ತಳ್ಳಿ ಜಾಗ ಮಾಡಿಕೊಂಡು, ಗೊರಸನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು, ಕಾಲನ್ನು ಮೆಲ್ಲಗೆ ನೇರ ಮಾಡಬೇಕು. ಜಾರುವ ದ್ರವ ಧಾರಾಳವಾಗಿ ಬಳಸಬೇಕು. ಹಸು ತಿಣುಕುವಾಗ ಎಳೆಯಬೇಕು, ಅದು ಸುಧಾರಿಸಿಕೊಳ್ಳುವಾಗ ನಾವೂ ಸುಮ್ನೆ ಇರಬೇಕು. ಇಕ್ಕಟ್ಟಿನ ಜಾಗದಲ್ಲಿ ಸಣ್ಣ ಕೈಯೇ ಎಷ್ಟೋ ಸಲ ಅನುಕೂಲ. ಕರು ಹೊರಗೆ ಬಂತು ಅಂತ ಕೆಲಸ ಮುಗಿಯಲಿಲ್ಲ ಅನ್ನುವುದನ್ನೂ ಅಲ್ಲೇ ಕಲಿಸಿ. ಮತ್ತೆ ಕೈ ಹಾಕಿ ಇನ್ನೊಂದು ಕರು ಇದೆಯಾ, ಒಳಗೆ ಎಲ್ಲಾದರೂ ಹರಿದಿದೆಯಾ ನೋಡಬೇಕು. ಆಮೇಲೆ ಗಿಣ್ಣುಹಾಲು. ಹಸುವಿನ ಹೊಟ್ಟೆಯಲ್ಲಿದ್ದಾಗ ಕರುವಿಗೆ ತಾಯಿಯ ರೋಗನಿರೋಧಕ ಶಕ್ತಿ ಸಿಗುವುದಿಲ್ಲ, ಗಿಣ್ಣಿನಿಂದಲೇ ಸಿಗಬೇಕು. ಹುಟ್ಟಿದ ಮೊದಲ ಆರು ಗಂಟೆ ತುಂಬಾ ಮುಖ್ಯ, 24 ಗಂಟೆ ಕಳೆದರೆ ಕರುಳು ಅದನ್ನು ಹೀರಿಕೊಳ್ಳುವುದು ಹೆಚ್ಚುಕಮ್ಮಿ ನಿಂತೇ ಹೋಗುತ್ತದೆ. 40 ಕೆಜಿ ಕರುವಿಗೆ ಸುಮಾರು 4 ಲೀಟರ್ ಬೇಕು. ಇದನ್ನು ರೈತರಿಗೆ ವಿವರಿಸುವ ಕೆಲಸ ವಿದ್ಯಾರ್ಥಿಯೇ ಮಾಡಲಿ. ಹೇಳಿದ್ದು ಕೊಟ್ಟಿಗೆಯಲ್ಲಿರುವವರಿಗೆ ಅರ್ಥ ಆಯಿತಾ ಇಲ್ಲವಾ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಕೈಗೆ ಕೆಲಸ ಕೊಡಿ ಅಂದ ಮಾತ್ರಕ್ಕೆ ಅಪಾಯದಲ್ಲಿ ನಿಲ್ಲಿಸಿ ಅಂತ ಅಲ್ಲ. ಮೊದಲ ದಿನವೇ ಕೂರಿಸಿಕೊಂಡು ಹೇಳಲೇಬೇಕಾದ ಮಾತುಗಳಿವೆ. ಹಸುವಿಗೂ ಗೇಟಿಗೂ ಮಧ್ಯೆ ನಿಲ್ಲಬೇಡ. ಸೂಜಿಗೆ ಮುಚ್ಚಳ ಹಾಕದೆ ಜೇಬಿಗೆ ಇಡಬೇಡ. ಟಿಲ್ಮಿಕೋಸಿನ್ ಅನ್ನುವ ಆಂಟಿಬಯಾಟಿಕ್ ಇಂಜೆಕ್ಷನ್ ಅಕಸ್ಮಾತ್ ಮನುಷ್ಯರಿಗೆ ಚುಚ್ಚಿಕೊಂಡರೆ ಪ್ರಾಣಕ್ಕೇ ಕುತ್ತು, ಅದನ್ನು ವಿದ್ಯಾರ್ಥಿ ಕೈಗೆ ಕೊಡಲೇಬೇಡಿ. ಹಸುವನ್ನು ಬೆದೆಗೆ ತರಲು ಕೊಡುವ ಪ್ರೊಸ್ಟಗ್ಲಾಂಡಿನ್ ಔಷಧ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ಗರ್ಭಿಣಿಯರು ಮತ್ತು ಅಸ್ತಮಾ ಇರುವವರು ಮುಟ್ಟಬಾರದು. ಗರ್ಭಿಣಿಯರು ಕುರಿ ಈಯಿಸುವ ಕೆಲಸದಿಂದಲೂ ದೂರ ಇರಬೇಕು. ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಲ್ಲಿ ಮುಟ್ಟಿದರೆ ಬ್ರುಸೆಲ್ಲಾ ಅನ್ನುವ ರೋಗಾಣು ಅಂಟಬಹುದು. "ನಮ್ಮ ಕಾಲದಲ್ಲಿ ಇದೆಲ್ಲಾ ಯಾರು ನೋಡ್ತಿದ್ರು" ಅನ್ನುವ ಹಿರಿಯರ ಮಾತು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಬ್ರುಸೆಲ್ಲಾ ಜ್ವರದಲ್ಲಿ ತಿಂಗಳುಗಟ್ಟಲೆ ನರಳಿದ ಪಶುವೈದ್ಯರು ಕಮ್ಮಿ ಇಲ್ಲ.

ಇನ್ನು ಮಾತು. ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ಹೋಗುವ ದಾರಿ ಇದೆಯಲ್ಲ, ನಿಜವಾದ ಪಾಠ ಅಲ್ಲೇ ಆಗುವುದು. ಹೋಗುವಾಗ ಕೇಳಿ: "ಕರು ಹಾಕಿ ಮೂರು ವಾರ ಆಗಿದೆಯಂತೆ, ಮೇವು ಬಿಟ್ಟಿದೆ, ಹಾಲು ಇಳಿದಿದೆ. ಏನಿರಬಹುದು?" ಅವರು ಕೀಟೋಸಿಸ್ (ಮೈಗೆ ಶಕ್ತಿ ಸಾಲದೆ ಕೊಬ್ಬು ಕರಗಿ ಬರುವ ಕಾಯಿಲೆ) ಅನ್ನಲಿ, ಹೊಟ್ಟೆ ಎಡಕ್ಕೆ ಜರುಗಿದೆ ಅನ್ನಲಿ, ಗರ್ಭಕೋಶದ ಸೋಂಕು ಅನ್ನಲಿ. ಅಲ್ಲಿ ಹೋದ ಮೇಲೆ ಎಡ ಪಕ್ಕೆಲುಬಿನ ಮೇಲೆ ಬೆರಳಿಂದ ಚಿಮ್ಮಿ, ಸ್ಟೆತಾಸ್ಕೋಪ್‌ನಲ್ಲಿ, ಹೊಟ್ಟೆ ಜರುಗಿದ್ದರೆ ಕೇಳುವ ಟಿಣ್ ಅನ್ನುವ ಸದ್ದು ಬರುತ್ತಾ ಅಂತ ಅವರೇ ಕೇಳಲಿ. ವಾಪಸ್ ಬರುವಾಗ ನೀವು ಯಾಕೆ ಆ ಔಷಧ ಕೊಟ್ಟಿರಿ, ಇನ್ನೊಂದು ಯಾಕೆ ಬಿಟ್ಟಿರಿ ಹೇಳಿ. ಆಂಟಿಬಯಾಟಿಕ್ ಕೊಟ್ಟರೆ ಎಷ್ಟು ದಿನ ಹಾಲು ಚೆಲ್ಲಬೇಕು, ಅದರ ನಷ್ಟ ಯಾರ ತಲೆ ಮೇಲೆ ಬೀಳುತ್ತದೆ, ಕೆಲವು ಸಲ ಆಪರೇಷನ್ ಬೇಡ ಅಂತ ರೈತರು ಯಾಕೆ ಹೇಳುತ್ತಾರೆ, ಇವೆಲ್ಲಾ ಪರೀಕ್ಷೆಯಲ್ಲಿ ಬರುವ ಪ್ರಶ್ನೆಗಳಲ್ಲ. ಆದರೆ ದನದ ಡಾಕ್ಟರ್ ಪ್ರತಿ ದಿನ ಎದುರಿಸುವುದು ಇದನ್ನೇ.

ವಿದ್ಯಾರ್ಥಿಗಳಿಗೂ ಒಂದು ಮಾತು. ಬರುವ ಮೊದಲೇ ಫೋನ್ ಮಾಡಿ ನಿಮಗೆ ಏನು ಬರುತ್ತದೆ, ಏನು ಕಲಿಯಬೇಕು ಅಂತ ತಿಳಿಸಿ. ದನ ಸಾಕದ ಮನೆಯಿಂದ ಬಂದಿದ್ದರೆ ಅದನ್ನೂ ಹೇಳಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ.

ತರಬೇತಿಗೆ ಕರೆಯುವ ಪಶುವೈದ್ಯರು ಬರುವವರ ಖರ್ಚಿನ ಬಗ್ಗೆಯೂ ಯೋಚಿಸಬೇಕು. ದೊಡ್ಡ ಪ್ರಾಣಿಗಳ ಕೆಲಸ ಇರುವುದು ಊರಾಚೆ. ಓಡಾಟಕ್ಕೆ ಗಾಡಿ ಬೇಕು, ರಾತ್ರಿ ಕರೆ ಬಂದರೆ ಹತ್ತಿರದಲ್ಲೇ ಇರಬೇಕು. ಕೈಯಲ್ಲಿ ದುಡ್ಡಿಲ್ಲದ ಮಕ್ಕಳು ಇಷ್ಟ ಇದ್ದರೂ ಈ ಕಡೆ ಬರದೆ, ಮನೆ ಹತ್ತಿರದ ನಾಯಿ ಬೆಕ್ಕಿನ ಕ್ಲಿನಿಕ್ಕಿಗೆ ಹೋಗುತ್ತಾರೆ. ಆಮೇಲೆ ದನಕ್ಕೆ ಡಾಕ್ಟರ್ ಸಿಗುತ್ತಿಲ್ಲ ಅಂತ ನಾವೇ ಗೋಳಾಡುತ್ತೇವೆ. ಖಾಲಿ ಕೋಣೆ ಇದ್ದರೆ ಬಿಟ್ಟುಕೊಡಿ. ಹೋಗಿಬರುವ ದಾರಿಯಲ್ಲಿ ನಿಮ್ಮ ಗಾಡಿಯಲ್ಲೇ ಕರ್ಕೊಂಡು ಹೋಗಿ. ಇಡೀ ರಾತ್ರಿ ನಿದ್ದೆಗೆಟ್ಟವರಿಗೆ ಮಾರನೇ ಬೆಳಿಗ್ಗೆ ರಜೆ ಕೊಡಿ.