ನನ್ನ ಲ್ಯಾಪ್‌ಟಾಪಿನ ಕೀ ಅಂಗಡಿ ಹುಡುಗನ ಹತ್ತಿರ!

ನಾಲ್ಕು ದಿನದಿಂದ ಹೊಟ್ಟೆ ಉರಿಯುತ್ತಿದೆ. ಎಲ್ಲಾದರೂ ಹೇಳಿಕೊಳ್ಳದೆ ಇದ್ದರೆ ಆಗಲ್ಲ.

ಮಗಳು ಇಂಜಿನಿಯರಿಂಗ್ ಎರಡನೇ ವರ್ಷ. ಲ್ಯಾಬ್‌ಗೆ ಲಿನಕ್ಸ್ ಬೇಕು ಅಂದಳು. ಅದೂ ವಿಂಡೋಸ್ ತರಹ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್. ಮನೆ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಹಾಗೇ ಇರಲಿ, ಪಕ್ಕದಲ್ಲಿ ಲಿನಕ್ಸ್‌ನ ಒಂದು ಬಗೆಯಾದ ಉಬುಂಟು ಹಾಕೋಣ ಅಂತ ಭಾನುವಾರ ತಿಂಡಿ ಮುಗಿಸಿ ಇಬ್ಬರೂ ಕೂತೆವು. 512 ಜಿಬಿ ಡಿಸ್ಕಿನಲ್ಲಿ 80 ಜಿಬಿ ಖಾಲಿ ಮಾಡಿಕೊಂಡೆವು. ಪೆನ್‌ಡ್ರೈವ್‌ನಲ್ಲಿ ಉಬುಂಟು 24.04 ರೆಡಿ ಇತ್ತು. ಒಂದು ವಿಡಿಯೋದಲ್ಲಿ ಹೇಳಿದ ಹಾಗೆ ಬಯೋಸ್‌ಗೆ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ಸ್) ಹೋಗಿ ಸೆಕ್ಯೂರ್ ಬೂಟ್ (ನಂಬಿಕಸ್ತ ಸಾಫ್ಟ್‌ವೇರ್ ಮಾತ್ರ ಶುರುವಾಗಲು ಬಿಡುವ ಕಾವಲು) ಆಫ್ ಮಾಡಿದೆವು. ಉಬುಂಟುಗೆ ಅದನ್ನು ಆಫ್ ಮಾಡುವ ಅಗತ್ಯವೇ ಇಲ್ಲವಂತೆ. ಆ ವಿಡಿಯೋದವರು ಯಾಕೆ ಹಾಗೆ ಹೇಳಿದರೋ!

ಇನ್‌ಸ್ಟಾಲ್ ಅರ್ಧಕ್ಕೆ ನಿಂತಿತು. ಈ ಕಂಪ್ಯೂಟರಿನಲ್ಲಿ ಬಿಟ್‌ಲಾಕರ್ ಇದೆ, ವಿಂಡೋಸ್‌ಗೆ ಹೋಗಿ ಆಫ್ ಮಾಡಿ ಬನ್ನಿ ಅಂತ ಬಂತು. ಬಿಟ್‌ಲಾಕರ್ರಾ? ಅದು ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ. ನಾವು ಯಾವತ್ತೂ ಹಾಕೇ ಇಲ್ಲವಲ್ಲ! ಸರಿ ಅಂತ ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ಬರಲಿಲ್ಲ. ನೀಲಿ ಪರದೆ ಬಂತು. ರಿಕವರಿ ಕೀ ಹಾಕಿ ಅಂತ. 48 ಅಂಕಿ. ಆರಾರು ಅಂಕಿಯ ಎಂಟು ಗುಂಪು.

ಗಾಬರಿಯಾಗಿ, ಲ್ಯಾಪ್‌ಟಾಪ್ ತೆಗೆದುಕೊಂಡಿದ್ದ ಎಸ್.ಪಿ. ರೋಡಿನ ಅಂಗಡಿಗೆ ಫೋನ್ ಮಾಡಿದೆ. "ಏನಿಲ್ಲ ಸಾರ್, ಬಯೋಸ್‌ನಲ್ಲಿ ಟಿಪಿಎಂ ಕ್ಲಿಯರ್ ಅಂತ ಇರುತ್ತೆ, ಕೊಟ್ಟುಬಿಡಿ, ಸರಿ ಹೋಗುತ್ತೆ" ಅಂದರು. ಅಂಗಡಿಯವರು, ದಿನಾ ಇದೇ ಕೆಲಸ ಮಾಡುವವರು, ಗೊತ್ತಿಲ್ಲದೆ ಹೇಳ್ತಾರಾ ಅಂತ ನಂಬಿ ಕೊಟ್ಟೆ. ಡಿಸ್ಕ್ ತಾನಾಗಿ ತೆರೆಯಲು ಬೇಕಾದ ಕೀ ಆ ಟಿಪಿಎಂ ಚಿಪ್ಪಿನ ಕಾವಲಿನಲ್ಲೇ ಇರುವುದು. ಅದನ್ನೇ ಅಳಿಸಿ ಅಂತ ಹೇಳಿದ್ದಾರೆ! ಸೆಕ್ಯೂರ್ ಬೂಟ್ ಆಫ್ ಆಗಿದ್ದಕ್ಕೇ ಅದು ಕೀ ಕೇಳಿದ್ದು, ವಾಪಸ್ ಆನ್ ಮಾಡಿದ್ದರೆ ಬಹುಶಃ ಅಷ್ಟಕ್ಕೇ ಮುಗಿಯುತ್ತಿತ್ತು. ಈಗ ಏನು ಆನ್ ಮಾಡಿದರೂ ಅದೇ ನೀಲಿ ಪರದೆ, ಅದೇ 48 ಅಂಕಿ.

ಆ ಕೀ ಎಲ್ಲಿರುತ್ತೆ? ಮೊದಲ ಸಲ ಲ್ಯಾಪ್‌ಟಾಪ್ ಸೆಟಪ್ ಮಾಡುವಾಗ ಯಾವ ಮೈಕ್ರೋಸಾಫ್ಟ್ ಅಕೌಂಟ್ ಹಾಕಿರುತ್ತಾರೋ ಅದರಲ್ಲಿ. ಹಾಕಿದ್ದು ನಾನಲ್ಲ. 2023ರಲ್ಲಿ ತೆಗೆದುಕೊಂಡಾಗ "ನೀವು ಕಾಫಿ ಕುಡಿದು ಬನ್ನಿ ಸಾರ್, ಎಲ್ಲಾ ರೆಡಿ ಮಾಡಿ ಇಡ್ತೀವಿ" ಅಂದಿದ್ದರು. ಬಂದು ನೋಡಿದರೆ ರೆಡಿ ಇತ್ತು. ಬಿಲ್ಲಿನ ಹಿಂದೆ ನೀಲಿ ಪೆನ್ನಿನಲ್ಲಿ ಪಿನ್ ನಂಬರ್ ಬರೆದುಕೊಟ್ಟರು. ಆ ಬಿಲ್ಲು ಈಗಲೂ ಇದೆ. ಯಾವ ಇಮೇಲ್ ಹಾಕಿದ್ದೀವಿ ಅಂತ ಮಾತ್ರ ಬರೆದಿಲ್ಲ, ಬಾಯಲ್ಲೂ ಹೇಳಲಿಲ್ಲ.

ಸೋಮವಾರ ರಜೆ ಹಾಕಿ ರಾಜಾಜಿನಗರದಿಂದ ಮೆಟ್ರೋದಲ್ಲಿ ಚಿಕ್ಕಪೇಟೆಗೆ ಹೋಗಿ, ಅಲ್ಲಿಂದ ಅಂಗಡಿಗೆ ನಡೆದೆ. ಅಲ್ಲಿ ಗೊತ್ತಾಗಿದ್ದು ಕೇಳಿ. ಅವತ್ತು ಸೆಟಪ್ ಮಾಡಿದ ಹುಡುಗ ತನ್ನದೇ ಇಮೇಲ್ ಹಾಕಿದ್ದಾನೆ. ಹುಡುಗ ಕೆಲಸ ಬಿಟ್ಟು ಒಂದು ವರ್ಷ ಆಯಿತು. ಅವನ ಹಳೇ ನಂಬರ್ ಸ್ವಿಚ್ ಆಫ್. ಅಂದರೆ ಎರಡು ವರ್ಷದಿಂದ ನನ್ನ ಮನೆ ಬೀಗದ ಕೈ ಗುರುತು ಪರಿಚಯ ಇಲ್ಲದ ಹುಡುಗನ ಜೇಬಿನಲ್ಲಿದೆ, ನನಗೇ ಗೊತ್ತಿಲ್ಲ!

ಕಳ್ಳ ಹೊತ್ತುಕೊಂಡು ಹೋದರೂ ಒಳಗಿರುವುದು ಅವನಿಗೆ ಸಿಗಬಾರದು ಅಂತ ಮಾಡಿರುವ ಏರ್ಪಾಟು ಈ ಬಿಟ್‌ಲಾಕರ್. ಒಳ್ಳೆಯದೇ. ಆದರೆ ಬೀಗ ಹಾಕಿದ್ದೀವಿ ಅಂತ ಮನೆ ಯಜಮಾನನಿಗೆ ಹೇಳಬೇಡವಾ?

ಅದರೊಳಗೆ ಏನಿದೆ ಗೊತ್ತಾ? ಅಮ್ಮ ಹಾಡಿದ ಸೋಬಾನೆ ಪದಗಳಿವೆ. ಮದ್ದೂರು ಕಡೆ ನಮ್ಮ ಊರಿನಲ್ಲಿ ಮದುವೆಗಳಲ್ಲಿ ಹಾಡುತ್ತಿದ್ದವು. ಎರಡು ದೀಪಾವಳಿ ರಜೆಯಲ್ಲಿ ಜಗುಲಿ ಮೇಲೆ ಕೂರಿಸಿಕೊಂಡು 43 ಪದ ರೆಕಾರ್ಡ್ ಮಾಡಿದ್ದೆ. ಫೋನ್ ತುಂಬಿತು ಅಂತ ಲ್ಯಾಪ್‌ಟಾಪಿಗೆ ಹಾಕಿ ಫೋನಿನಿಂದ ಅಳಿಸಿದೆ. ಬ್ಯಾಕಪ್ ಇಡಬೇಕಿತ್ತು, ಒಪ್ಪುತ್ತೇನೆ. ಈಗ ಅಮ್ಮನಿಗೆ ನೆನಪು ಕಮ್ಮಿಯಾಗಿದೆ. ಎರಡು ಸಾಲು ಹಾಡಿ ನಿಲ್ಲಿಸಿ, "ಮುಂದೆ ಏನಪ್ಪಾ?" ಅಂತ ನನ್ನನ್ನೇ ಕೇಳುತ್ತಾರೆ. ನಾನು ಎಲ್ಲಿಂದ ತರಲಿ?

ಇಷ್ಟನ್ನೂ ಅಂಗಡಿಯವರಿಗೆ ಹೇಳಿದೆ. ಕೇಳಿಸಿಕೊಂಡು, "ಫಾರ್ಮ್ಯಾಟ್ ಮಾಡಿ ಕೊಡ್ತೀವಿ ಸಾರ್, 500 ರೂಪಾಯಿ ಆಗುತ್ತೆ" ಅಂದರು. ಮೈಯೆಲ್ಲಾ ಉರಿದುಹೋಯಿತು. ಆ ಹುಡುಗನನ್ನು ಹುಡುಕಿಕೊಡುವುದು ನಿಮ್ಮ ಜವಾಬ್ದಾರಿ, 500 ಅಲ್ಲ, 5 ಪೈಸೆ ಕೊಡಲ್ಲ ಅಂತ ಜೋರಾಗಿಯೇ ಹೇಳಿ ಬಂದೆ.

ನಿಮ್ಮ ಲ್ಯಾಪ್‌ಟಾಪನ್ನೂ ಅಂಗಡಿಯವರೇ ರೆಡಿ ಮಾಡಿಕೊಟ್ಟಿದ್ದರೆ ದಯವಿಟ್ಟು ಇವತ್ತೇ ನೋಡಿ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ತೆರೆದರೆ ಯಾರ ಇಮೇಲ್ ಇದೆ ಅಂತ ಕಾಣುತ್ತೆ. ಪ್ರೈವಸಿ ಅಂಡ್ ಸೆಕ್ಯೂರಿಟಿಯಲ್ಲಿ ಡಿವೈಸ್ ಎನ್‌ಕ್ರಿಪ್ಷನ್ (ಅದೇ ಬೀಗ) ಆನ್ ಇದೆಯಾ ನೋಡಿ. ಆನ್ ಇದ್ದರೆ ಆ 48 ಅಂಕಿಗಳನ್ನು ಹಾಳೆಯಲ್ಲಿ ಬರೆದು ಬೀರುವಿನಲ್ಲಿಡಿ. ಆಮೇಲೆ ಉಬುಂಟುನಾದರೂ ಹಾಕಿ, ಇನ್ನೊಂದಾದರೂ ಹಾಕಿ.

ಮಗಳಿಗೆ ಬೇರೆ ಡಿಸ್ಕ್ (ಎಸ್‌ಎಸ್‌ಡಿ) ತಂದು ಹಾಕಿದ್ದೇನೆ. ಅವಳ ಕೆಲಸ ನಡೆಯುತ್ತಿದೆ. ಹಳೇ ಡಿಸ್ಕನ್ನು ಬಿಚ್ಚಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಅಮ್ಮನ ರೇಷ್ಮೆ ಸೀರೆಗಳ ಪಕ್ಕ ಇಟ್ಟಿದ್ದೇನೆ. ಕೀ ಸಿಕ್ಕರೆ ಬೇರೆ ಕಂಪ್ಯೂಟರಿನಲ್ಲೂ ಅದು ತೆರೆಯುತ್ತೆ. ಶನಿವಾರ ಮತ್ತೆ ಅಂಗಡಿಗೆ ಹೋಗುತ್ತೇನೆ. ಆ ಹುಡುಗನ ಹೊಸ ನಂಬರ್ ಕೊಡುವ ತನಕ ಅವರ ಕೌಂಟರ್ ಮುಂದಿನಿಂದ ಕದಲುವುದಿಲ್ಲ.