ಶಾನುಭೋಗರು ಕಾಣೆಯಾದದ್ದು

ನಮ್ಮ ಬೆಕ್ಕಿನ ಹೆಸರು ಶಾನುಭೋಗ. ಮೈಯೆಲ್ಲ ಬೆಳ್ಳಗಿದ್ದು, ಬಲಗಿವಿಯ ಹಿಂದೆ ಮಾತ್ರ ಲೇಖನಿ ಸಿಕ್ಕಿಸಿಕೊಂಡಂತೆ ಒಂದು ಕರಿಯ ಗೆರೆ ಇದ್ದುದರಿಂದ, ಅದು ಅಂಗೈಯಗಲದ ಮರಿಯಾಗಿ ಮನೆಗೆ ಬಂದ ದಿನವೇ ಅಮ್ಮ ಈ ಪದವಿಯನ್ನು ದಯಪಾಲಿಸಿದಳು. ಅವಳ ಅಜ್ಜ ಹಾಸನದ ಕಡೆಯ ಹಳ್ಳಿಯೊಂದರಲ್ಲಿ ಶಾನುಭೋಗರಾಗಿದ್ದವರು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು 1961ರ ಕಾಯಿದೆ ರದ್ದುಮಾಡಿತೆಂಬುದು ನಿಜ. ಆದರೆ ಮಲ್ಲೇಶ್ವರದ ನಮ್ಮ ಮನೆಯ ಮಟ್ಟಿಗೆ ಶಾನುಭೋಗಿಕೆ ಇನ್ನೂ ಜಾರಿಯಲ್ಲಿತ್ತು. ಬೆಳಿಗ್ಗೆ ಹಾಲು ಮುಗಿಸಿ, ಹಿತ್ತಲ ಗೋಡೆಯನ್ನು ಹತ್ತಿ, ಒಂದೊಂದೇ ಮನೆಯ ಸರಹದ್ದನ್ನು ಪರಿಶೀಲಿಸುತ್ತ ಹೊರಟರೆ, ಕಂದಾಯ ವಸೂಲು ಮಾಡಿಕೊಂಡು ಹಿಂದಿರುಗುತ್ತಿದ್ದುದು ಮಧ್ಯಾಹ್ನದ ಊಟದ ಹೊತ್ತಿಗೆ. ಅಮ್ಮ ಅಜ್ಜನ ಹುದ್ದೆಯ ಮರ್ಯಾದೆಗಾಗಿ ಅದನ್ನು ಬಹುವಚನದಲ್ಲಿಯೇ ಮಾತನಾಡಿಸುತ್ತಿದ್ದಳು. ಕ್ರಮೇಣ ನಮಗೆಲ್ಲ ಅದೇ ಬಾಯಿಗೆ ಬಂತು, ಮತ್ತು ಅದರಿಂದಲೇ ಮುಂದಿನ ಫಜೀತಿಯೆಲ್ಲ ಆಯಿತು.

ಶಾನುಭೋಗರು ಕಾಣೆಯಾದದ್ದು ದೀಪಾವಳಿಯ ಅಮಾವಾಸ್ಯೆಯ ರಾತ್ರಿ. ಮನುಷ್ಯನ ಕಿವಿ 20,000 ಹರ್ಟ್ಸ್‌ಗೆ ಕೈಚೆಲ್ಲಿದರೆ ಬೆಕ್ಕಿನ ಕಿವಿ 60,000ವನ್ನೂ ದಾಟಿ ಕೇಳಿಸಿಕೊಳ್ಳುತ್ತದೆ. ಗೋಡೆಯಾಚೆ ಜಿರಲೆ ನಡೆದರೂ ತಿರುಗುವ ಅಂಥ ಕಿವಿಯ ಪಕ್ಕದಲ್ಲಿ ಹತ್ತು ಸಾವಿರದ ಸರ ಹಚ್ಚಿದರೆ ಆ ಜೀವಕ್ಕೆ ಏನಾಗಬಹುದೆಂದು ಯೋಚಿಸುವ ವ್ಯವಧಾನ ಹಬ್ಬದ ರಾತ್ರಿ ಯಾರಿಗಿರುತ್ತದೆ? ನಮಗೂ ಇರಲಿಲ್ಲ. ಬಾಗಿಲು ಹಾಕಿಕೊಳ್ಳಬೇಕಾದವರು ನಾವೇ ದೀಪ ಜೋಡಿಸುವ ಸಂಭ್ರಮದಲ್ಲಿ ಅದನ್ನು ಹಾರುಹೊಡೆದು ನಿಂತಿದ್ದೆವು. ಹತ್ತು ಗಂಟೆಗೆ ಊಟದ ತಟ್ಟೆಯ ಬಳಿ ಹಾಜರಿ ಇಲ್ಲದಿದ್ದಾಗಲೇ ವಿಷಯ ತಿಳಿದದ್ದು.

ಆ ಹೊತ್ತಿನಿಂದ ನಾನು ಕಾಲು ಸುಟ್ಟ ಬೆಕ್ಕಿನಂತೆ ಬೀದಿಯಲ್ಲಿ ಓಡಾಡತೊಡಗಿದೆ. ಗಾದೆ ಇಷ್ಟು ಅಕ್ಷರಶಃ ಮೈಗೆ ಬರುತ್ತದೆಂದು ಎಣಿಸಿರಲಿಲ್ಲ. ಅಮ್ಮ ಗೇಟಿನ ಬಳಿ ನಿಂತು, ಅನ್ನಕ್ಕೆ ಮೊಸರು ಕಲಸಿದ ತಟ್ಟೆಯನ್ನು ಚಮಚದಿಂದ ಬಡಿಯುತ್ತ, ‘ಶಾನುಭೋಗರೇ, ಎಲ್ಲಿದ್ದೀರಿ? ಯಾರೂ ಏನೂ ಅನ್ನುವುದಿಲ್ಲ, ಊಟಕ್ಕೆ ಬನ್ನಿ’ ಎಂದು ಕೂಗುತ್ತಿದ್ದಳು. ಬೆಕ್ಕುಗಳಿಗೆ ತಮ್ಮ ಹೆಸರು ಬೇರೆ ಪದಗಳಿಂದ ಬೇರೆಯಾಗಿ ತಿಳಿಯುತ್ತದೆಂದು ಜಪಾನಿನ ಸಂಶೋಧಕರು 2019ರಲ್ಲಿ ತೋರಿಸಿಕೊಟ್ಟಿದ್ದಾರೆ. ತಿಳಿದ ಮಾತ್ರಕ್ಕೆ ಓಗೊಡಬೇಕೆಂಬ ಕಟ್ಟಳೆ ಬೆಕ್ಕಿನ ಸಂವಿಧಾನದಲ್ಲಿಲ್ಲ.

ಮರುದಿನ ಭಿತ್ತಿಪತ್ರದ ಕೆಲಸ. ಎದುರುಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿಗಳು, ಪತ್ರಿಕೆಗಳಲ್ಲಿ ಪೊಲೀಸರು ಕೊಡುವ ಪ್ರಕಟಣೆಗಳನ್ನು ದಿನವೂ ತಪ್ಪದೆ ಓದುವವರಾದ್ದರಿಂದ, ಒಕ್ಕಣೆಯನ್ನು ತಾವೇ ವಹಿಸಿಕೊಂಡರು. ‘ಚಹರೆ: ದುಂಡು ಮುಖ, ಬಿಳಿ ಮೈಬಣ್ಣ, ಸಾಧಾರಣ ಮೈಕಟ್ಟು, ಬಲಗಿವಿಯ ಹಿಂದೆ ಕಪ್ಪು ಮಚ್ಚೆ’ ಎಂದು ಬರೆದು, ‘ಧರಿಸಿದ್ದ ಉಡುಪು’ ಎಂಬಲ್ಲಿ ಸ್ವಲ್ಪ ತಡೆದು, ಕತ್ತಿನ ಪಟ್ಟಿಯ ಬಣ್ಣವನ್ನು ಕೇಳಿ ತುಂಬಿದರು. ‘ಕಾಣೆಯಾಗಿದೆ’ ಎನ್ನಬೇಕೋ ‘ಕಾಣೆಯಾಗಿದ್ದಾರೆ’ ಎನ್ನಬೇಕೋ ಎಂಬ ಬಗ್ಗೆ ಅವರಿಗೂ ಅಮ್ಮನಿಗೂ ಕಾಲು ಗಂಟೆ ವಾದವಾಯಿತು. ಅಮ್ಮ ಗೆದ್ದಳು. ಪ್ರತಿಯೊಂದಕ್ಕೆ ಎರಡು ರೂಪಾಯಿಯಂತೆ ನಲವತ್ತು ಜೆರಾಕ್ಸ್ ಮಾಡಿಸಿ, ಪಕ್ಕದ ಮನೆಯ ಹುಡುಗನ ಸೈಕಲ್ಲಿನಲ್ಲಿ ಅಂಟಿನ ಡಬ್ಬಿ ತೂಗುಹಾಕಿ, ಹಾಲಿನ ಬೂತು, ಔಷಧದ ಅಂಗಡಿ, ಇಸ್ತ್ರಿ ಗಾಡಿ ಎಲ್ಲ ಕಡೆ ಹಚ್ಚಿ ಬಂದೆವು.

ನೆರೆಹೊರೆಯವರು ಇಷ್ಟು ಮಂದಿ ಇದ್ದಾರೆಂಬುದೇ ನನಗೆ ಆಗ ತಿಳಿದದ್ದು. ಮೂಲೆಮನೆಯ ಜೋಯಿಸರು, ಬೆಕ್ಕು ಅಡ್ಡ ಬಂದರೆ ಮನೆಗೆ ಮರಳಿ, ಕಾಲು ತೊಳೆದು, ನೀರು ಕುಡಿದು ಮತ್ತೆ ಹೊರಡುವವರು. ನಮ್ಮ ಬೆಕ್ಕಿನಿಂದಾಗಿಯೇ ಅವರು ಎಷ್ಟೋ ಸಲ ಬಸ್ಸು ತಪ್ಪಿಸಿಕೊಂಡಿದ್ದರು. ಅವರೂ ಪಂಚೆ ಎತ್ತಿ ಕಟ್ಟಿ ಹುಡುಕಲು ಬಂದರು. ‘ಇಲ್ಲದಿದ್ದರೆ ಅಡ್ಡ ಬರುವವರು ಯಾರು?’ ಎಂಬುದು ಅವರ ವಿವರಣೆ. ಅಯ್ಯಂಗಾರ್ ತಾತ ಮಾತ್ರ ಜಗಲಿಯಿಂದ ಏಳಲಿಲ್ಲ. ಕೋತಿಮರಿ ತಾಯಿಯನ್ನು ತಾನೇ ಅವುಚಿ ಹಿಡಿಯುತ್ತದೆ, ಬೆಕ್ಕಿನ ಮರಿ ಸುಮ್ಮನಿದ್ದು ತಾಯಿಯೇ ಕಚ್ಚಿಕೊಂಡು ಹೋಗಲೆಂದು ಕಾಯುತ್ತದೆ. ಈ ಮರ್ಕಟ ಕಿಶೋರ, ಮಾರ್ಜಾಲ ಕಿಶೋರ ನ್ಯಾಯಗಳ ಮೇಲೆ ಶ್ರೀವೈಷ್ಣವರ ಎರಡು ಪಂಗಡಗಳಾದ ವಡಗಲೆ ತೆಂಗಲೆಯವರು ಶತಮಾನಗಳ ಕಾಲ ಚರ್ಚಿಸಿದ್ದಾರೆಂದು ವಿವರಿಸಿ, ‘ನಿಮ್ಮದು ಪೂರ್ಣ ಶರಣಾಗತಿಯ ಪಕ್ಷ. ತಾನಾಗಿ ಬರುವುದಿಲ್ಲ. ನೀವೇ ಹೋಗಿ ಎತ್ತಿಕೊಂಡು ಬರಬೇಕು’ ಎಂದರು. ಎಲ್ಲಿಂದ ಎತ್ತಿಕೊಂಡು ಬರಬೇಕೆಂಬುದನ್ನು ಶಾಸ್ತ್ರ ಹೇಳಿರಲಿಲ್ಲ.

ಅದನ್ನು ಹೇಳಿದ್ದು ಮಹಡಿಯ ಮೇಲೆ ಬಾಡಿಗೆಗಿರುವ ಹುಡುಗಿ. ಕಳೆದುಹೋದ 1,210 ಬೆಕ್ಕುಗಳ ಬಗ್ಗೆ 2018ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ಅವಳು ಓದಿದ್ದಳು. ಸಿಕ್ಕ ಬೆಕ್ಕುಗಳಲ್ಲಿ ಮುಕ್ಕಾಲು ಪಾಲು ತಪ್ಪಿಸಿಕೊಂಡ ಜಾಗದಿಂದ 500 ಮೀಟರಿನೊಳಗೇ ಇದ್ದವಂತೆ. ಹೆದರಿದ ಬೆಕ್ಕು ದೂರ ಓಡುವುದಿಲ್ಲ, ಹತ್ತಿರದ ಸಂದಿಯಲ್ಲಿ ಉಸಿರು ಬಿಗಿಹಿಡಿದು ಕೂರುತ್ತದೆ, ಯಜಮಾನ ಪಕ್ಕದಲ್ಲೇ ನಿಂತು ಕೂಗಿದರೂ ಸದ್ದು ಮಾಡುವುದಿಲ್ಲ, ಆದ್ದರಿಂದ ಸಂಪಿಗೆ ರಸ್ತೆಯವರೆಗೆ ಹೋಗಿ ಭಿತ್ತಿಪತ್ರ ಹಚ್ಚುವುದನ್ನು ಬಿಟ್ಟು ಹಿತ್ತಲು ನೋಡಿ ಎಂದಳು. ರಾತ್ರಿ ಹೋಗಿ, ಟಾರ್ಚನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರೆ ಬೆಕ್ಕಿನ ಕಣ್ಣು ಹಸಿರಾಗಿ ಹೊಳೆಯುತ್ತದೆ ಎಂದೂ ಸೇರಿಸಿದಳು.

ಹೀಗೆ ನಾವು ಹಿಂದಿನ ಗಲ್ಲಿಗೆ ಇಳಿದದ್ದು. ಮಲ್ಲೇಶ್ವರವನ್ನು ಬಲ್ಲವರಿಗೆ ಇದನ್ನು ಹೇಳಬೇಕಾಗಿಲ್ಲ: ಇಲ್ಲಿ ಎರಡು ಅಡ್ಡರಸ್ತೆಗಳ ಮನೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದು, ನಡುವೆ ಕನ್ಸರ್ವೆನ್ಸಿ ಲೇನ್ ಎಂಬ ಇಕ್ಕಟ್ಟಾದ ಓಣಿಯಿರುತ್ತದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು, ಪೇಟೆಯ ಕಿಕ್ಕಿರಿದ ಕೇರಿಗಳಲ್ಲಿ ಜನ ಸಾಯತೊಡಗಿದ ಮೇಲೆ, ಗಾಳಿ ಬೆಳಕಿನ ಬಡಾವಣೆಗಳು ಬೇಕೆಂದು ಮಲ್ಲೇಶ್ವರವನ್ನೂ ಬಸವನಗುಡಿಯನ್ನೂ ಬೆಳೆಸಿದರು. ಮಲ ಹೊರುವವರು ಮುಂಬಾಗಿಲಲ್ಲಿ ಯಾರ ಕಣ್ಣಿಗೂ ಬೀಳದೆ ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗಲೆಂದು ಮಾಡಿದ ಓಣಿಗಳಿವು. ಮನೆಯ ಮುಖಕ್ಕೆ ಅಂದವಾದ ಕೈಸಾಲೆ, ಕೆಂಪು ಹೆಂಚು, ತುಳಸಿಕಟ್ಟೆ ಎಲ್ಲ ಕೊಟ್ಟವರು, ತಮ್ಮ ಹೊಲಸನ್ನು ತಲೆಯ ಮೇಲೆ ಹೊತ್ತವರಿಗೆ ಕೊಟ್ಟದ್ದು ಈ ಕತ್ತಲೆಯ ಸಂದಿಯನ್ನು. ಒಳಚರಂಡಿ ಬಂದ ಮೇಲೆ ಓಣಿಗೆ ಕೆಲಸವಿಲ್ಲವಾಗಿ, ಅಲ್ಲಿ ಮುರಿದ ಕಮೋಡು, ಇಟ್ಟಿಗೆಚೂರು, ತಾನಾಗಿ ಹುಟ್ಟಿದ ಪರಂಗಿ ಗಿಡಗಳು ಸೇರಿಕೊಂಡವು. ಇಲಿಗಳ ದೆಸೆಯಿಂದ ಬೆಳೆದ ಬಡಾವಣೆಯಲ್ಲಿ ಇಷ್ಟು ಅನುಕೂಲವಾದ ಇಲಿಗಳ ಹೆದ್ದಾರಿಯೂ ಇರುವುದು ಸೋಜಿಗವೇ. ಶಾನುಭೋಗರಿಗಂತೂ ಅದೇ ಕಸಬಾ.

ಇಪ್ಪತ್ತೆರಡು ವರ್ಷ ಆ ಬೀದಿಯಲ್ಲಿದ್ದು ನಾನು ನೆರೆಯವರ ಮುಖಗಳನ್ನು, ಅಂದರೆ ಮನೆಗಳ ಮುಖಗಳನ್ನು, ಮಾತ್ರ ಬಲ್ಲವನಾಗಿದ್ದೆ. ಗ್ರಾನೈಟ್ ಹೊದಿಸಿಕೊಂಡು ನಿಂತ ಮೂರಂತಸ್ತಿನ ಮನೆಯ ಬೆನ್ನಿಗೆ ಸುಣ್ಣವೇ ಕಂಡಿರಲಿಲ್ಲ. ಜೋಯಿಸರ ಹಿತ್ತಲಲ್ಲಿ ಸೊಗಸಾದ ವೀಳ್ಯದೆಲೆ ಬಳ್ಳಿಯಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಬ್ಯಾಂಕ್ ಅಧಿಕಾರಿಗಳು ಹೆಂಡತಿಗೆ ತಿಳಿಯದಂತೆ ಸಿಗರೇಟು ಸೇದುವ ಜಾಗ ಯಾವುದೆಂದು ಟಾರ್ಚಿನ ಬೆಳಕು ತೋರಿಸಿಬಿಟ್ಟಿತು. ಅದನ್ನು ನೋಡದವರಂತೆ ನಾವು ಮುಂದೆ ಹೋದೆವು. ಎರಡು ರಾತ್ರಿ ಹೀಗೆ ಹುಡುಕಿದೆವು. ಮೂರು ಜೊತೆ ಹಸಿರು ಕಣ್ಣುಗಳು ಹೊಳೆದವು, ಮೂರೂ ಪರರವು.

ನಾಲ್ಕನೆಯ ಬೆಳಿಗ್ಗೆ ಹಿತ್ತಲ ಗೋಡೆಯಾಚೆಯಿಂದ ಒಂದು ಕೀರಲು ದನಿ ಕೇಳಿಸಿತು: ‘ಶಾನುಭೋಗರ ಮನೆಯವರೇ! ಶಾನುಭೋಗರ ಮನೆಯವರೇ!’

ಆ ಮನೆಯ ಮುಂಬಾಗಿಲು ಆಚೆಯ ಅಡ್ಡರಸ್ತೆಗೆ. ಅಲ್ಲಿಗೆ ಹೋಗಬೇಕಾದರೆ ನಾವು ನಮ್ಮ ಬೀದಿಯ ಕೊನೆಗೆ ನಡೆದು, ಎರಡು ಸಲ ಬಲಕ್ಕೆ ತಿರುಗಿ, ಅಷ್ಟೇ ದೂರ ಮತ್ತೆ ನಡೆಯಬೇಕು. ಆದ್ದರಿಂದ ಎಂದೂ ಹೋಗಿರಲಿಲ್ಲ. ಹಿಂದಿನಿಂದ ಲೆಕ್ಕ ಹಾಕಿದರೆ ನಮ್ಮ ಬಚ್ಚಲಿಗೂ ಅವರ ಬಚ್ಚಲಿಗೂ ನಡುವೆ ಹತ್ತು ಹೆಜ್ಜೆ. ಅಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರೇ ಇದ್ದಾರೆ. ಅವರ ಬಚ್ಚಲುಮನೆಯಲ್ಲಿ ತಾಮ್ರದ ಹಂಡೆ, ಅದರ ಕೆಳಗೆ ಸೌದೆಯ ಒಲೆ. ವರ್ಷವಿಡೀ ಗೀಸರಿನ ನೀರು. ದೀಪಾವಳಿಗೆ ಮಾತ್ರ ನೀರು ತುಂಬುವ ಹಬ್ಬದಂದು ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕತ್ತಿಗೆ ಹಾಗಲಬಳ್ಳಿ ಸುತ್ತಿ, ನರಕ ಚತುರ್ದಶಿಯ ಬೆಳಗಿನ ಜಾವ ಉರಿ ಹಾಕುತ್ತಾರೆ. ಆ ಒಲೆಯ ಬೆಚ್ಚನೆಯ ಬೂದಿಯೊಳಗೆ, ಮುರಿದ ಕಿಟಕಿಯ ಮೂಲಕ ಬಂದು, ನಮ್ಮ ಶಾನುಭೋಗರು ಹೂತುಕೊಂಡಿದ್ದರು. ಒಲೆಯಲ್ಲಿ ಬೆಕ್ಕು ಮಲಗಿದೆ ಎಂದರೆ ಆ ಮನೆಯಲ್ಲಿ ಅಡುಗೆಯಾಗಿಲ್ಲವೆಂದು ನಮ್ಮವರು ಬಡತನವನ್ನು ವರ್ಣಿಸುತ್ತಿದ್ದರು. ಇಲ್ಲಿ ಅದೇ ಬೂದಿ ಒಂದು ಜೀವವನ್ನು ಸಾಕಿತ್ತು.

ಮೂರು ರಾತ್ರಿಯೂ ನಮ್ಮ ಕೂಗನ್ನು ಅಜ್ಜಿ ಕೇಳಿಸಿಕೊಂಡಿದ್ದರು. ಯಾರೋ ವಯಸ್ಸಾದವರು, ಪಾಪ, ಮರೆವಿನ ಕಾಯಿಲೆಯವರಿರಬೇಕು, ಮನೆಯವರ ಮೇಲೆ ಮುನಿಸಿಕೊಂಡು ಊಟ ಬಿಟ್ಟು ಹೋಗಿದ್ದಾರೆಂದು ನಂಬಿ, ಅವರಿಗಾಗಿ ಕಾಡು ಮಲ್ಲೇಶ್ವರನಿಗೆ ಹರಕೆಯನ್ನೂ ಹೊತ್ತಿದ್ದರು. ಆ ಬೆಳಿಗ್ಗೆ ಬಚ್ಚಲಿನಿಂದ ಅಡುಗೆಮನೆಯ ಹಾಲಿನ ಪಾತ್ರೆಯವರೆಗೆ ಬೂದಿಯ ಪುಟ್ಟ ಹೆಜ್ಜೆಗಳು ಮೂಡಿದ್ದನ್ನು ಕಂಡು, ‘ಗೋಕುಲಾಷ್ಟಮಿ ಮುಗಿದು ಎಷ್ಟು ದಿನವಾಯಿತು, ಈಗ ಯಾವ ಕೃಷ್ಣ ಬಂದನೋ’ ಎಂದು ಬೆರಗಾಗಿ ಹೆಜ್ಜೆಯ ಜಾಡು ಹಿಡಿದು ಹೋಗಿ ನೋಡಿದರಂತೆ. ಆದರೂ ಈ ಬೂದುಬೆಕ್ಕಿಗೂ ಕಾಣೆಯಾದ ಹಿರಿಯರಿಗೂ ಅವರು ಸಂಬಂಧ ಕಲ್ಪಿಸಿರಲಿಲ್ಲ. ಕಸ ತೆಗೆದುಕೊಳ್ಳಲು ಬಂದ ಪೌರಕಾರ್ಮಿಕ ಹೆಣ್ಣುಮಗಳು, ಎರಡೂ ಬೀದಿಗಳನ್ನು ದಿನವೂ ಕಾಣುವವಳು, ಒಳಗೆ ಬಗ್ಗಿ ನೋಡಿ, ಕಿವಿಯ ಬೂದಿಯನ್ನು ಬೆರಳಿನಿಂದ ಒರೆಸಿ, ‘ಇವರೇ ಕಣಜ್ಜಿ ಶಾನುಭೋಗರು’ ಎಂದಳಂತೆ.

ಅಯ್ಯಂಗಾರ್ ತಾತ ಹೇಳಿದಂತೆಯೇ ಆಯಿತು. ನಾನು ಒಲೆಯೊಳಗೆ ಭುಜದವರೆಗೆ ಕೈ ಹಾಕಿ ಎಳೆದುಕೊಳ್ಳಬೇಕಾಯಿತು; ಅತ್ತಕಡೆಯಿಂದ ಯಾವ ಸಹಕಾರವೂ ಇರಲಿಲ್ಲ. ಅಜ್ಜಿ ನಮಗೆಲ್ಲ ಕಾಫಿ ಕೊಟ್ಟರು. ಜೋಯಿಸರಿಗೆ ಕುರ್ಚಿ ಸಾಲದೆ ಅವರು ಹಂಡೆಯ ಪಕ್ಕದ ಕಲ್ಲಿನ ಮೇಲೆಯೇ ಕುಳಿತು ಕುಡಿದರು. ಹೊರಡುವಾಗ ಅಜ್ಜಿ ತಡೆದು, ಬೆಕ್ಕಾದರೇನು, ಹರಕೆ ಹರಕೆಯೇ, ಮಂಡಿನೋವಿನಿಂದ ತಮಗೆ ಮೆಟ್ಟಿಲು ಹತ್ತಲಾಗುವುದಿಲ್ಲ, ನೀವೇ ತೀರಿಸಿ ಬನ್ನಿ ಎಂದು ತೆಂಗಿನಕಾಯಿಯನ್ನೂ ಹತ್ತು ರೂಪಾಯಿಯನ್ನೂ ನನ್ನ ಬೂದಿಗೈಗೆ ಇಟ್ಟರು.

ಸಂಜೆ ಕಾಡು ಮಲ್ಲೇಶ್ವರನ ಸನ್ನಿಧಿಯಲ್ಲಿ ಅರ್ಚಕರು ಕಾಯಿ ತೆಗೆದುಕೊಂಡು ಯಾರ ಹೆಸರಿಗೆ ಅರ್ಚನೆ ಎಂದು ಕೇಳಿದರು. ‘ಶಾನುಭೋಗರು’ ಎಂದೆ. ಅವರು ಗೋತ್ರ ಕೇಳಿದರು. ನಾನು ತಡವರಿಸಿದೆ. ಗೋತ್ರ ತಿಳಿಯದವರನ್ನೆಲ್ಲ ಕಾಶ್ಯಪ ಗೋತ್ರಕ್ಕೆ ಸೇರಿಸುವ ಪದ್ಧತಿಯುಂಟಷ್ಟೆ. ಪಕ್ಕದಲ್ಲಿ ಕೈಮುಗಿದು ನಿಂತಿದ್ದ ಜೋಯಿಸರು ಕಣ್ಣು ತೆರೆಯದೆಯೇ ‘ಕಾಶ್ಯಪ’ ಎಂದರು.